ಹೆಸರುಹಲಗೆಯಿಲ್ಲದ ಅಂಗಡಿ

ದೊಡ್ಡ ಊರಿಗೆ ಹೋದಾಗ ಎಲ್ಲಿ ಉಣ್ಣಬೇಕೆಂಬುದು ಸಣ್ಣ ಪ್ರಶ್ನೆಯೇನಲ್ಲ. ವಸತಿಗೃಹದ ಮಾಣಿಯನ್ನು ಕೇಳಿದರೆ ಅವನು ದೀಪಾಲಂಕಾರವುಳ್ಳ ಭವನವೊಂದನ್ನು ತೋರಿಸುತ್ತಾನೆ. ಅಲ್ಲಿಯ ಊಟ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದೇ ಊಟ ಮೈಸೂರಿನಲ್ಲಿಯೂ ಮುಂಬಯಿಯಲ್ಲಿಯೂ ದೊರೆಯುತ್ತದೆ. ಅದಕ್ಕಾಗಿ ಇರುಳೆಲ್ಲ ರೈಲಿನಲ್ಲಿ ಕುಳಿತು ಬಳ್ಳಾರಿಗೆ ಬರಬೇಕಾಗಿಲ್ಲ. ಆದುದರಿಂದ ನಾನೊಂದು ಉಪಾಯವನ್ನು ಹಿಡಿದಿದ್ದೇನೆ: ಊರಿನಲ್ಲಿ ದುಡಿಯುವವರು ಬೆಳಿಗ್ಗೆ ಎಲ್ಲಿ ನಿಂತು ತಿನ್ನುವರೋ ಅಲ್ಲಿಗೆ ಹೋಗುವುದು.

ಬಳ್ಳಾರಿಯಲ್ಲಿ ಆ ಉಪಾಯ ನನ್ನನ್ನು ಕೌಲ್ ಬಜಾರಿನ ಕಡೆಯ ಕಿರಿದಾದ ಓಣಿಯೊಂದಕ್ಕೆ ಕರೆದೊಯ್ದಿತು. ಅಂಗಡಿಗೆ ಹೆಸರುಹಲಗೆಯಿರಲಿಲ್ಲ. ಕೋಟೆಯ ಬಂಡೆಬೆಟ್ಟದ ಮೇಲೆ ಆಗತಾನೆ ಬಿಸಿಲು ಮೂಡಿತ್ತು. ಮೂಟೆ ಹೊರುವ ಹಮಾಲರೂ ಜೀನ್ಸ್ ಹೊಲಿಯುವ ಕೆಲಸಗಾರರೂ ಬಾಣಲೆಯ ಸುತ್ತ ನೆರೆದಿದ್ದರು. ಅಲ್ಲಿ ಮಾಡುತ್ತಿದ್ದುದು ಒಂದೇ ತಿಂಡಿ, ಮಂಡಕ್ಕಿಯ ಒಗ್ಗರಣೆ. ನೋಡುವುದಕ್ಕೆ ಸುಲಭ. ಆದರೆ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡುವ ಒಂದು ಕ್ಷಣದಲ್ಲಿಯೇ ವಿದ್ಯೆಯೆಲ್ಲ ಅಡಗಿದೆ. ತುಸು ತಡವಾದರೆ ಅದು ಮುದ್ದೆಯಾಗುತ್ತದೆ; ಅವಸರಪಟ್ಟರೆ ಗಂಟಲಿನಲ್ಲಿ ಒಣಗಿ ನಿಲ್ಲುತ್ತದೆ. ಬಾಣಲೆಯ ಮುಂದಿದ್ದ ಮುದುಕರು ಗಡಿಯಾರವನ್ನಾಗಲಿ ಅಳತೆಯ ಪಾತ್ರೆಯನ್ನಾಗಲಿ ನೋಡದೆ ಅಂಗೈಯಿಂದಲೇ ಹದವನ್ನು ಅರಿಯುತ್ತಿದ್ದರು. ಸಾಸಿವೆ ಸಿಡಿಯಿತು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನ ಸೇರಿದವು, ಮೇಲೆ ಹುರಿಗಡಲೆಯ ಪುಡಿ ಬಿದ್ದಿತು. ಜೊತೆಗೆ ಕಡಲೆಹಿಟ್ಟಿನಲ್ಲಿ ಕರಿದ ಮಿರ್ಚಿ. ಬಳ್ಳಾರಿಯ ಮಿರ್ಚಿಯನ್ನು ಮೊದಲ ಬಾರಿಗೆ ಕಚ್ಚುವವರು ನೀರಿನ ಲೋಟವನ್ನು ಹತ್ತಿರದಲ್ಲಿ ಇಟ್ಟುಕೊಳ್ಳುವುದು ಲೇಸು.

ಪಕ್ಕದಲ್ಲಿ ತಿನ್ನುತ್ತಿದ್ದ ಹಿರಿಯರು ಅದನ್ನು ‘ಉಗ್ಗಾಣಿ’ ಎಂದರು. ಅವರು ಆದೋನಿಯಿಂದ ಮಗಳ ಮನೆಗೆ ಬಂದವರು. ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಒಂದು ಕಾಲಕ್ಕೆ ಆದೋನಿಯೂ ಬಳ್ಳಾರಿಯೂ ಮದರಾಸು ಪ್ರಾಂತದ ಒಂದೇ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅಂದೇ ಹುಟ್ಟಿದ ಆಂಧ್ರ ರಾಜ್ಯಕ್ಕೆ ಹೋದವು. ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು. ಅದಕ್ಕಾಗಿ ಎರಡು ಕಡೆಯವರೂ ಬಹಳ ವಾದ ಮಾಡಿದ್ದರು. ಗಡಿಯನ್ನು ಎಳೆದವರು ಬಾಣಲೆಯನ್ನು ಕೇಳಿರಲಿಲ್ಲವೆಂದು ತೋರುತ್ತದೆ. ಆ ಹಿರಿಯರ ಉಗ್ಗಾಣಿಯೂ ನನ್ನ ಒಗ್ಗರಣೆಯೂ ಒಂದೇ ಸೌಟಿನಿಂದ ಬಂದವು.

ಮಂಡಕ್ಕಿಯ ಮೂಲ ಭತ್ತ. ಭತ್ತದ ಸೀಮೆಯನ್ನು ನೋಡಬೇಕೆನಿಸಿ ಮರುದಿನ ಸಿರುಗುಪ್ಪಕ್ಕೆ ಹೊರಟೆನು. ಬಳ್ಳಾರಿಯ ಒಣ ಬಂಡೆಗಳು ಹಿಂದೆ ಸರಿದಂತೆ ರಸ್ತೆಯ ಎರಡು ಬದಿಗಳಲ್ಲಿಯೂ ಹಸಿರು ಹರಡಿಕೊಂಡಿತು. ವಿಜಯನಗರದ ಕಾಲದಿಂದಲೇ ಇಲ್ಲಿ ನದಿಯ ಕಾಲುವೆಗಳಿದ್ದವು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಗದ್ದೆಗಳು ಬಹುದೂರ ಹಬ್ಬಿದವು. ಅಕ್ಕಿ ಗಿರಣಿಗಳ ಎದುರಿನ ಹೋಟೆಲೊಂದರಲ್ಲಿ ಲಾರಿಯ ಚಾಲಕರೊಡನೆ ಕುಳಿತು ಬಿಸಿ ಅನ್ನ, ಬೇಳೆಸಾರು ಉಂಡೆನು. ವಿಶೇಷವೇನೂ ಇಲ್ಲ, ಅನ್ನವೇ ವಿಶೇಷ.

ದಾರಿಯಲ್ಲಿ ತೆಕ್ಕಲಕೋಟೆ ಸಿಕ್ಕುತ್ತದೆ. ಅಲ್ಲಿಯೂ ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿಯೂ ನವಶಿಲಾಯುಗದ ಜನರು ಬೆಟ್ಟಗಳ ಮೇಲೆ ವಾಸವಾಗಿದ್ದರು. ಅವರ ನೆಲೆಗಳಲ್ಲಿ ದೊರೆತ, ಸುಟ್ಟು ಕರಿಯಾದ ಕಾಳುಗಳಲ್ಲಿ ಹುರುಳಿಯೂ ಹೆಸರೂ ಕಿರುಧಾನ್ಯಗಳೂ ಇವೆ. ಅವು ಮೂರು ಸಾವಿರ ವರ್ಷಗಳಿಗೂ ಹಿಂದಿನವು.

ಹಿಂದಿರುಗುವಾಗ ಬಳಸುದಾರಿಯಲ್ಲಿ ಕುರುಗೋಡಿಗೆ ಬಂದೆನು. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಏಕಶಿಲೆಯ ಬೃಹತ್ ನಂದಿಯನ್ನು ಕಂಡು ಹೊರಬರುವ ಹೊತ್ತಿಗೆ ಹಸಿವಾಗಿತ್ತು. ಒಂದು ಮನೆಯ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಆ ಖಾನಾವಳಿಗೆ ಆ ಸದ್ದೇ ಹೆಸರುಹಲಗೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹುರುಳಿಯ ಸಾರು. ತೆಕ್ಕಲಕೋಟೆಯ ಬೆಟ್ಟದ ಕಾಳು ಇಲ್ಲಿ ಇನ್ನೂ ಬೇಯುತ್ತಿತ್ತು! ಬಡಿಸುತ್ತಿದ್ದ ತಾಯಿ ನಲವತ್ತು ವರ್ಷಗಳಿಂದ ರೊಟ್ಟಿ ಬಡಿಯುತ್ತಿರುವುದಾಗಿ ಹೇಳಿದರು. ಸೊಸೆಗೆ ಹೊಲಿಗೆಯ ಕೆಲಸ, ಮಗನಿಗೆ ಬೆಂಗಳೂರು. “ನಿಮ್ಮ ನಂತರ ಯಾರು?” ಎಂದು ಕೇಳಿದೆನು.

“ನೋಡೋಣಪ್ಪ, ಈಗ ಉಣ್ಣು” ಎಂದು, ನಾನು ಕೇಳುವ ಮೊದಲೇ ಹೆಂಚಿನಿಂದ ಇನ್ನೊಂದು ರೊಟ್ಟಿಯನ್ನು ತೆಗೆದು ತಟ್ಟೆಗೆ ಹಾಕಿದರು.