ಅಮ್ಮ ವಿಮಾನ ಹತ್ತೋ ಮುಂಚೆ...

ಮುಂದಿನ ತಿಂಗಳು ಅಮ್ಮ ಬರ್ತಿದ್ದಾಳೆ, ಬಾಣಂತನಕ್ಕೆ. ಚಿಕ್ಕಮಗಳೂರಿಂದ ಬೆಂಗಳೂರಿಗೆ ಕಾರಲ್ಲಿ 5 ಗಂಟೆ, ಅಲ್ಲಿಂದ ಫ್ರಾಂಕ್‌ಫರ್ಟಿಗೆ ಸುಮಾರು 10, ಮತ್ತೆ ಸ್ಯಾನ್ ಫ್ರಾನ್ಸಿಸ್ಕೋಗೆ 11. ಇದುವರೆಗೂ ವಿಮಾನ ಹತ್ತಿದವಳಲ್ಲ. ವಯಸ್ಸು 58, ಬಿಪಿ ಮಾತ್ರೆ ಇದೆ, ಕಾಲಲ್ಲಿ ವೇರಿಕೋಸ್ ವೇನ್ಸ್ ಇದೆ. ಅಪ್ಪ ತೋಟ ಬಿಟ್ಟು ಬರಲ್ಲ, ಹಾಗಾಗಿ ಒಬ್ಬಳೇ.

ಇಲ್ಲಿ ಯಾರ ಮನೇಲಿ ಕೇಳಿದ್ರೂ ಚರ್ಚೆ ಒಂದೇ. 23 ಕೆಜಿ ಸೂಟ್‌ಕೇಸಲ್ಲಿ ಸಾರಿನಪುಡಿ ಎಷ್ಟು, ಹಪ್ಪಳ ಎಷ್ಟು, ಉಪ್ಪಿನಕಾಯಿ ಸೋರಿದ್ರೆ ಗತಿ ಏನು... ಕಾಲಿನ ಬಗ್ಗೆ ಯಾರೂ ಮಾತಾಡಲ್ಲ!

ಹೋದ ವರ್ಷ ನನ್ನ ಸ್ನೇಹಿತನ ಅಮ್ಮ ಬಂದಿಳಿದ ನಾಲ್ಕನೇ ದಿನ, ಎಡಗಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿತ್ತು. ಎಮರ್ಜೆನ್ಸಿಗೆ ಓಡಿದ್ರು. ಸ್ಕ್ಯಾನ್ ಮಾಡಿದ್ರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಡಿವಿಟಿ ಅಂತಾರಲ್ಲ, ಅದು. ತಿಂಗಳುಗಟ್ಟಲೆ ರಕ್ತ ತೆಳು ಮಾಡೋ ಮಾತ್ರೆ. ಆಮೇಲೆ ಆಂಟಿ ಹೇಳಿದ್ದು ಕೇಳಿ ನನಗೆ ಬೇಜಾರಾಯ್ತು. ಕಿಟಕಿ ಸೀಟು, ಪಕ್ಕದಲ್ಲಿ ಇಬ್ಬರು ಗಂಡಸರು ನಿದ್ದೆ ಹೊಡೀತಿದ್ರಂತೆ. "ಪಾಪ, ಹೇಗಪ್ಪಾ ಎಬ್ಬಿಸೋದು" ಅಂತ ಹತ್ತು ಗಂಟೆ ಎದ್ದೇ ಇಲ್ಲ. ಎಲ್ಲಿ ಏಳಬೇಕಾಗುತ್ತೋ ಅಂತ ನೀರೂ ಕುಡಿದಿಲ್ಲ. ಅದೊಂದೇ ಕಾರಣ ಅಂತ ಡಾಕ್ಟ್ರೂ ಹೇಳಲಿಲ್ಲ ಬಿಡಿ. ಆದ್ರೆ ನನ್ನ ಲೆಕ್ಕದಲ್ಲಿ, ವಿಮಾನದಲ್ಲಿ ನಮ್ಮ ಅಮ್ಮಂದಿರ ಆರೋಗ್ಯಕ್ಕೆ ಮೊದಲ ಶತ್ರು ಈ ಸಂಕೋಚವೇ.

ಹೆದರಿಸ್ತಾ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಒಂದು ಅಧ್ಯಯನದ ವರದಿ ಹೊರತಂದಿತ್ತು. 4 ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದ್ರೆ ಹೀಗೆ ಹೆಪ್ಪುಗಟ್ಟೋ ಸಾಧ್ಯತೆ ಸುಮಾರು ಎರಡರಷ್ಟಾಗುತ್ತೆ. ಆದ್ರೂ ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರಿಗೆ ಮಾತ್ರ. ಇತ್ತೀಚೆಗೆ ಆಪರೇಷನ್ ಆದವರು, ಬಸುರಿಯರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು ಹೆಚ್ಚು ಹುಷಾರಾಗಿರಬೇಕು. ಗಮನಿಸಿ, ವಿಮಾನ ಅಂತ ಅಲ್ಲ, ಕೂರೋದೇ ಸಮಸ್ಯೆ. ಅಂದ್ರೆ ಅಮ್ಮನ ಕಾರಿನ 5 ಗಂಟೆಯೂ ಲೆಕ್ಕಕ್ಕೆ ಬಂತು. ಮೀನಖಂಡ ಅನ್ನೋದು ನಮ್ಮ ತೋಟದ ಪಂಪ್‌ಸೆಟ್ ಇದ್ದ ಹಾಗೆ. ನಡೆದಾಗ ಅದು ಹಿಂಡಿ ಹಿಂಡಿ ರಕ್ತವನ್ನ ಮೇಲಕ್ಕೆ ಕಳಿಸುತ್ತೆ. ಕೂತ್ರೆ ಪಂಪು ಆಫ್.

ನೀರಿನ ವಿಷಯಕ್ಕೆ ಬಂದ್ರೆ, ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಮ್ಮಿ. ಗಂಟಲು, ಕಣ್ಣು ಒಣಗಿ ತಲೆನೋವು ಬರುತ್ತೆ. ಅದಕ್ಕೇ ಆಗಾಗ ಗುಟುಕು ನೀರು. ಇನ್ನೊಂದು ಲಾಭ ಅಂದ್ರೆ, ಕುಡಿದವರು ಏಳಲೇಬೇಕು :-)

ಗಾಳಿಯ ಒತ್ತಡದ್ದು ಅಮ್ಮನಿಗೆ ಸುಲಭವಾಗಿ ಅರ್ಥ ಆಯ್ತು. ವಿಮಾನ 35,000 ಅಡಿ ಮೇಲಿದ್ರೂ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ನಮ್ಮ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. "ಗಿರಿ ಮೇಲೆ ಕೂತ ಹಾಗೆ ಅಮ್ಮ, ಗಾಳಿ ಮಾತ್ರ ಬೀಸಲ್ಲ" ಅಂದೆ. ಅಷ್ಟು ಎತ್ತರದಲ್ಲಿ ಹೊಟ್ಟೆಯೊಳಗಿನ ಗ್ಯಾಸು ಮೂರನೇ ಒಂದು ಭಾಗದಷ್ಟು ಹಿಗ್ಗಬಹುದು, ಚಿಪ್ಸ್ ಪ್ಯಾಕೆಟ್ ಉಬ್ಬುತ್ತಲ್ಲ, ಹಾಗೆ. ಹಾಗಾಗಿ ಹೊರಡೋ ದಿನ ಹುರುಳಿಕಾಳು, ಕಡ್ಲೆ ಉಸ್ಲಿ ಬೇಡ. ಮೊಸರನ್ನ ಸಾಕು.

ಸೀಟು ದುಡ್ಡು ಕೊಟ್ಟೇ ಬುಕ್ ಮಾಡಿದೀನಿ, ನಡುದಾರಿ ಪಕ್ಕದ್ದು. ಮೋಡ ನೋಡೋ ಆಸೆ ಅಮ್ಮನಿಗಿತ್ತು, ಆದ್ರೆ ಯಾರನ್ನೂ ಎಬ್ಬಿಸೋ ಪ್ರಮೇಯ ಇಲ್ಲ ಅಂದಾಗ ಒಪ್ಪಿದ್ಲು. ಗಂಟೆಗೊಮ್ಮೆ ಶೌಚಾಲಯದವರೆಗೆ ಹೋಗಿ ಬಾ ಅಂದಿದೀನಿ, ಕೆಲಸ ಇರಲಿ ಬಿಡಲಿ. ಮಂಡಿ ಕೆಳಗಿನ ಬಿಗಿ ಕಾಲುಚೀಲ ಊರಿನ ಡಾಕ್ಟ್ರೇ ಅಳತೆ ನೋಡಿ ಬರೆದುಕೊಟ್ರು. "ಸೀರೆ ಒಳಗೆ ಇದೆಂಥದ್ದೋ, ನಾನೇನು ಕ್ರಿಕೆಟ್ ಆಡಕ್ಕೆ ಹೊರಟಿದೀನಾ?" ಅಂತ ಫೋನಲ್ಲಿ ಬೈದಳು. ಡಾಕ್ಟ್ರನ್ನ ಕೇಳದೆ ಆಸ್ಪಿರಿನ್ ನುಂಗಿ ಹತ್ತೋರೂ ಇದ್ದಾರೆ, ಅದು ಬೇಡ. ಮಾತ್ರೆಗಳೆಲ್ಲ ಚೀಟಿ ಸಮೇತ ಕೈಚೀಲದಲ್ಲಿ.

ವೀಲ್‌ಚೇರ್ ಹೇಳಿದೀನಿ, ಕಾಲಿಗಲ್ಲ, ಭಾಷೆಗೆ. ಫ್ರಾಂಕ್‌ಫರ್ಟಲ್ಲಿ ಗೇಟ್ ಹುಡುಕೋ ಆತಂಕ ತಪ್ಪುತ್ತೆ. ಆದ್ರೆ ಗೇಟ್ ತಲುಪಿದ ಮೇಲೆ ಎದ್ದು ನಾಲ್ಕು ಸುತ್ತು ನಡೀಬೇಕು ಅನ್ನೋದು ಷರತ್ತು. ಒಂದು ರಟ್ಟಿನ ಮೇಲೆ ಕನ್ನಡದಲ್ಲೇ ಬರೆದು ಕಳಿಸಿದೀನಿ: "ವಾಟರ್ ಪ್ಲೀಸ್", "ಎಕ್ಸ್‌ಕ್ಯೂಸ್ ಮಿ", "ವೆಜಿಟೇರಿಯನ್, ನೋ ಎಗ್".

ಬಂದ ಮೇಲೆ ಎರಡೂ ಪಾದ ಸ್ವಲ್ಪ ಊದಿದ್ರೆ ಗಾಬರಿ ಬೇಕಿಲ್ಲ, ಒಂದೆರಡು ದಿನದಲ್ಲಿ ಇಳಿಯುತ್ತೆ. ಒಂದೇ ಕಾಲು ಊದಿ ನೋವು ಬಂದ್ರೆ ಅವತ್ತೇ ಡಾಕ್ಟ್ರು. ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ತಕ್ಷಣ ಆಂಬ್ಯುಲೆನ್ಸ್. ವಾರಗಟ್ಟಲೆ ಆದ ಮೇಲೂ ಬರಬಹುದು, ಹಾಗಾಗಿ ನನ್ನ ಹೆಂಡತಿಗೂ ಇದನ್ನೆಲ್ಲ ಹೇಳಿಟ್ಟಿದೀನಿ.

ಈಗ ಅಮ್ಮ ರಾತ್ರಿ ಸೀರಿಯಲ್ ನೋಡ್ತಾ ಪಾದ ಮೇಲೆ ಕೆಳಗೆ ಮಾಡ್ತಾ ಕೂರ್ತಾಳಂತೆ, ಅಪ್ಪ ನಗ್ತಾ ಹೇಳಿದ್ರು. ನೀರಿನ ವಿಷಯಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. "ಆ ಪುಟಾಣಿ ಬಾತ್‌ರೂಮಲ್ಲಿ ಸೀರೆ ಉಟ್ಕೊಂಡು ಹೇಗೋ ಮಾರಾಯಾ?" ಅಂತಾಳೆ. ಚೂಡಿದಾರ್ ಹಾಕ್ಕೋ ಅಂದಿದೀನಿ. ಮಾತುಕತೆ ನಡೀತಾ ಇದೆ.