2000 ಆರ್‌ಪಿಎಂನ ಬದುಕು

ಅಮೆರಿಕದಲ್ಲಿ ಟ್ರಕ್ ಅಂದ್ರೆ ನಮ್ಮ ಲಾರಿ ಅಲ್ಲ. ಮುಂದೆ ಮೂರು ಜನ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ಅಂದ್ರೆ ಪಿಕಪ್. ಹಳೇ ಪಿಕಪ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗೇ ಆಗುತ್ತೆ: ಎಂಜಿನ್‌ಗೆ ಕಂಪನಿ ಕೊಟ್ಟ ಎಕ್ಸಾಸ್ಟ್ ಮ್ಯಾನಿಫೋಲ್ಡೇ ಇರಲಾ, ಇಲ್ಲಾ ಅದನ್ನ ಕಿತ್ತು ಹೆಡರ್ಸ್ ಹಾಕಿಸಲಾ?

ಸ್ಯಾನ್ ಹೊಸೆಯಲ್ಲಿ ನನ್ನ ಹತ್ರ ಇರೋದು 1994ರ ಒಂದು ವಿ-8 ಪೆಟ್ರೋಲ್ ಪಿಕಪ್. ಹೋದ ಚಳಿಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಅನ್ನೋಕೆ ಶುರುವಾಯ್ತು. ಐದು ನಿಮಿಷ ಬಿಸಿಯಾದ ಮೇಲೆ ಸದ್ದು ಮಾಯ. ಇದು ಮ್ಯಾನಿಫೋಲ್ಡ್ ಬಿರುಕಿನ ಲಕ್ಷಣ. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಬಿರುಕು ಮುಚ್ಚಿಕೊಳ್ಳುತ್ತೆ, ತಣ್ಣಗಾದ್ರೆ ಮತ್ತೆ ಬಾಯಿ ಬಿಡುತ್ತೆ. ಮೂವತ್ತು ವರ್ಷ ಕಾದು ಕಾದು ತಣ್ಣಗಾದ ಎರಕದ ಕಬ್ಬಿಣ ಬಿರುಕು ಬಿಟ್ಟರೆ ಅದು ಯಾರ ತಪ್ಪೂ ಅಲ್ಲ, ವಯಸ್ಸು ಅಷ್ಟೆ.

ಆದ್ರೆ ಸುಮ್ನೆ ಬಿಡೋ ಹಾಗಿಲ್ಲ. ಅಲ್ಲಿಂದ ಸೋರೋದು ಕೆಟಲಿಟಿಕ್ ಕನ್ವರ್ಟರ್ ತಲುಪುವ ಮುಂಚಿನ ಹಸಿ ಹೊಗೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಹೀಟರ್ ಗಾಳಿಯ ಜೊತೆ ಕ್ಯಾಬಿನ್ ಒಳಗೂ ಬರಬಹುದು. ನಡುವಿನ ಸೀಟಲ್ಲಿ ಕೂರೋದು ನನ್ನ ಆರು ವರ್ಷದ ಮಗಳು. ಹಾಗಾಗಿ ಬದಲಾಯಿಸೋದಂತೂ ಖಂಡಿತ ಆಯ್ತು. ಏನು ಹಾಕಿಸೋದು ಅನ್ನೋದಷ್ಟೇ ಉಳಿದಿದ್ದು.

ಗೆಳೆಯರದ್ದೆಲ್ಲ ಒಂದೇ ಮಾತು: "ಹೇಗಿದ್ರೂ ಬಿಚ್ತಿದೀಯ, ಹೆಡರ್ಸ್ ಹಾಕ್ಸಿಬಿಡು ಮಾರಾಯ. ಸೌಂಡ್ ಕೇಳಿದ್ರೆ ಗೊತ್ತಾಗುತ್ತೆ!"

ಏನಿದು ಹೆಡರ್ಸ್? ವಿ-8 ಎಂಜಿನ್ನಿನಲ್ಲಿ ಒಂದೊಂದು ಪಕ್ಕಕ್ಕೆ ನಾಲ್ಕು ಸಿಲಿಂಡರ್. ಆ ನಾಲ್ಕರ ಹೊಗೆಯನ್ನೂ ಒಟ್ಟು ಮಾಡಿ ಒಂದು ಪೈಪಿಗೆ ದಾಟಿಸೋದು ಮ್ಯಾನಿಫೋಲ್ಡ್ ಕೆಲಸ. ಕಂಪನಿಯದ್ದು ದಪ್ಪ ಎರಕದ ಕಬ್ಬಿಣದ್ದು, ಗಿಡ್ಡ, ನೋಡೋಕೆ ಒರಟು. ನಾಲ್ಕೂ ಬಾಯಿಗಳು ತಕ್ಷಣ ಒಂದೇ ಕೋಣೆಗೆ ತೆರೆದುಕೊಳ್ಳುತ್ತವೆ. ಹೆಡರ್ಸ್‌ನಲ್ಲಿ ಹಾಗಲ್ಲ. ಪ್ರತಿ ಸಿಲಿಂಡರಿಗೂ ತೆಳು ಉಕ್ಕಿನ ತನ್ನದೇ ಕೊಳವೆ ಇರುತ್ತೆ. ನಾಲ್ಕೂ ಬಾಗಿ ಬಳುಕಿ ಸಾಕಷ್ಟು ದೂರ ಹೋಗಿ, ಕಲೆಕ್ಟರ್ ಅನ್ನೋ ಜಾಗದಲ್ಲಿ ಕೂಡುತ್ತವೆ.

ಈ ದೂರದಿಂದ ಲಾಭ ಏನು ಅಂದ್ರೆ, ಹೊಗೆ ಸಮನಾಗಿ ಹರಿಯೋ ನದಿಯಲ್ಲ, ಬಿಟ್ಟು ಬಿಟ್ಟು ಬರುವ ಏಟು. 2000 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ನಿಮಿಷಕ್ಕೆ 1000 ಸಲ, ಅಂದ್ರೆ ಸೆಕೆಂಡಿಗೆ 16ಕ್ಕೂ ಹೆಚ್ಚು ಸಲ ಹೊಗೆ ಉಗುಳುತ್ತೆ. ಅದೂ ಎರಡೂ ಪಕ್ಕದಲ್ಲಿ ಸರದಿ ತಪ್ಪದೆ ಬರೋದಿಲ್ಲ. ಅಮೆರಿಕದ ವಿ-8ಗಳಲ್ಲಿ ತುಂಬಾ ಪರಿಚಿತವಾದ ಫೈರಿಂಗ್ ಆರ್ಡರ್ 1-8-4-3-6-5-7-2. ಬೆಸ ಸಂಖ್ಯೆಗಳೆಲ್ಲ ಒಂದು ಪಕ್ಕ, ಸಮ ಸಂಖ್ಯೆಗಳು ಇನ್ನೊಂದು ಪಕ್ಕ. ಗಮನಿಸಿ, 5 ಮತ್ತು 7 ಒಂದರ ಹಿಂದೆ ಒಂದು, ಅದೂ ಅಕ್ಕಪಕ್ಕದ ಮನೆಯವರು. ಆ ಕಡೆ 8 ಮತ್ತು 4 ಕೂಡ ಒಂದರ ಹಿಂದೆ ಒಂದು, ಅಕ್ಕಪಕ್ಕದವರಲ್ಲ ಅಷ್ಟೆ. ಒಂದು ಸಿಲಿಂಡರ್ ಇನ್ನೂ ಉಸಿರು ಬಿಡ್ತಾ ಇರುವಾಗಲೇ ಪಕ್ಕದವನ ಏಟು ಅದೇ ಕೋಣೆಗೆ ಬಂದು ಬಡಿಯುತ್ತೆ. ಮೆಜೆಸ್ಟಿಕ್ಕಿನಲ್ಲಿ ಒಂದೇ ಬಾಗಿಲಿಂದ ಇಳಿಯೋರೂ ಹತ್ತೋರೂ ಒಟ್ಟಿಗೆ ನುಗ್ಗಿದ ಹಾಗೆ. ನಾವೆಲ್ಲ ಮೆಚ್ಚುವ ವಿ-8ನ ಆ ಗುಡುಗುಡು ಸದ್ದು ಹುಟ್ಟೋದೂ ಈ ಸರದಿ ತಪ್ಪಿದ ಏಟುಗಳಿಂದಲೇ.

ಹೆಡರ್ಸ್ ಇವರಿಗೆಲ್ಲ ಬೇರೆ ಬೇರೆ ಓಣಿ ಮಾಡಿಕೊಡುತ್ತೆ. ಜೊತೆಗೆ ಒಂದು ಏಟು ಕಲೆಕ್ಟರ್ ದಾಟಿ ಹೋಗುವಾಗ ಹಿಂದೆ ಒತ್ತಡ ಕಮ್ಮಿಯಾಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತೆ. ಸರಿಯಾದ ಹೊಗೆಗೂಡು ಇರುವ ಒಲೆ ಗಾಳಿ ಎಳೆಯುತ್ತಲ್ಲ, ಹಾಗೆ. ಇದಕ್ಕೆ ಸ್ಕ್ಯಾವೆಂಜಿಂಗ್ ಅಂತಾರೆ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಆ ಎಳೆತ ಸರಿಯಾದ ಹೊತ್ತಿಗೆ, ಅಂದ್ರೆ ವಾಲ್ವ್ ಮುಚ್ಚುವ ಮುಂಚೆ, ವಾಪಸ್ ಬಂದು ತಲುಪಬೇಕು. ಆ ಹೊತ್ತು ಕೊಳವೆಯ ಉದ್ದದ ಮೇಲೆ ನಿಂತಿದೆ. ಉದ್ದ ಫಿಕ್ಸ್, ಆದ್ರೆ ಆರ್‌ಪಿಎಂ ಬದಲಾಗ್ತಾ ಇರುತ್ತೆ. ಹಾಗಾಗಿ ಯಾವುದೇ ಹೆಡರ್ಸ್ ಒಂದು ವೇಗದ ಆಸುಪಾಸಿನಲ್ಲಿ ಮಾತ್ರ ಪೂರ್ತಿ ಫಲ ಕೊಡುತ್ತೆ. ಕೊಳವೆಯ ಅಗಲದ ಕಥೆಯೂ ಇದೇ. ತೋಟಕ್ಕೆ ನೀರು ಬಿಟ್ಟವರಿಗೆ ಇದು ಗೊತ್ತಿರುತ್ತೆ. ಅದೇ ನೀರನ್ನ ಅಗಲ ಕಾಲುವೆಗೆ ಬಿಟ್ರೆ ತೆವಳುತ್ತೆ, ಕಿರಿದರಲ್ಲಿ ಬಿಟ್ರೆ ಓಡುತ್ತೆ. "ಎಂಜಿನ್‌ಗೆ ಸ್ವಲ್ಪ ಬ್ಯಾಕ್‌ಪ್ರೆಶರ್ ಬೇಕು" ಅಂತ ಗ್ಯಾರೇಜುಗಳಲ್ಲಿ ಹೇಳ್ತಾರಲ್ಲ, ಅದು ಪೂರ್ತಿ ಸರಿಯಲ್ಲ. ಒತ್ತಡ ಯಾರಿಗೂ ಬೇಡ. ಬೇಕಾಗಿರೋದು ಹೊಗೆಯ ವೇಗ. ತೀರಾ ಅಗಲದ ಕೊಳವೆ ಹಾಕಿದಾಗ ಕಡಿಮೆ ಆರ್‌ಪಿಎಂನಲ್ಲಿ ಆ ವೇಗ ಸಾಯುತ್ತೆ, ಗಾಡಿ ಎದ್ದೇಳೋಕೆ ಸೋಮಾರಿತನ ಮಾಡುತ್ತೆ.

ಹೆಡರ್ಸ್ ಖ್ಯಾತಿ ಬಂದಿದ್ದು ರೇಸಿನಿಂದ. ಕ್ಯಾಲಿಫೋರ್ನಿಯಾದ ಒಣ ಕೆರೆಗಳ ಬಯಲಲ್ಲಿ ಹಳೇ ಕಾರುಗಳನ್ನ ಓಡಿಸುತ್ತಿದ್ದ ಹುಡುಗರ ಹಾಟ್ ರಾಡ್ ಲೋಕ ಅದು. 1948ರಲ್ಲಿ ಅವರದ್ದೇ 'ಹಾಟ್ ರಾಡ್' ಪತ್ರಿಕೆ ಬಂತು, 1951ರಲ್ಲಿ ಡ್ರ್ಯಾಗ್ ರೇಸಿಗೆ ಎನ್‌ಎಚ್‌ಆರ್‌ಎ ಅನ್ನೋ ಸಂಸ್ಥೆ ಹುಟ್ಟಿತು. 1955ರಲ್ಲಿ ಶೆವ್ರೊಲೆಯ ಸ್ಮಾಲ್ ಬ್ಲಾಕ್ ವಿ-8 ಬಂದ ಮೇಲಂತೂ ಬಿಡಿಭಾಗಗಳ ಜಾತ್ರೆಯೇ ನಡೀತು. ರೇಸ್ ಎಂಜಿನ್ ಬದುಕೋದು 5000, 6000 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟು. ಆ ಊರಲ್ಲಿ ಹೆಡರ್ಸ್ ರಾಜ.

ನನ್ನ ಊರು ಯಾವುದು? ಆಫೀಸಿನಲ್ಲಿ ನಾವು ಜೂನಿಯರ್‌ಗಳಿಗೆ ದಿನಾ ಹೇಳೋ ಮಾತು: ಮೊದಲು ಪ್ರೊಫೈಲ್ ಮಾಡು, ಆಮೇಲೆ ಆಪ್ಟಿಮೈಸ್ ಮಾಡು. ಅದನ್ನೇ ಮಾಡಿದೆ. ಒಂದು ವಾರ ಟ್ಯಾಕೋಮೀಟರ್ ನೋಡ್ಕೊಂಡು ಓಡಿಸಿದೆ. ಸಿಗ್ನಲ್‌ನಿಂದ ಹೊರಡುವಾಗ 1500. ಹೈವೇ 101ರಲ್ಲಿ ಗಿಲ್ರಾಯ್ ಕಡೆ ಹೋಗುವಾಗ ಟಾಪ್ ಗೇರಿನಲ್ಲಿ 2000ದ ಅಕ್ಕಪಕ್ಕ. ಹಿಂದೆ ಗೊಬ್ಬರದ ಮೂಟೆ, ಹಲಗೆ, ಯಾರದ್ದೋ ಮನೆ ಶಿಫ್ಟಿಂಗಿನ ಸೋಫಾ, ಯುಗಾದಿ ಹೊತ್ತಲ್ಲಿ ಕನ್ನಡ ಕೂಟದ ಸ್ಟೇಜ್ ಸಾಮಾನು. ಸಾಂಟಾ ಕ್ರೂಸ್ ಕಡೆ ಹೈವೇ 17ರ ಘಾಟಿ ಹತ್ತುವಾಗ ಮಾತ್ರ ಮುಳ್ಳು 3000 ಮುಟ್ಟಿತು. 4000 ಒಂದು ಸಲವೂ ಕಾಣಲಿಲ್ಲ. ನನ್ನ ಟ್ರಕ್ ಬದುಕೋದು 2000ದಲ್ಲಿ. ಹೆಡರ್ಸ್ ಕೊಡೋ ಲಾಭದ ಬಹುಪಾಲು ನಾನು ಕಾಲಿಡದ ಜಾಗದಲ್ಲಿದೆ.

ಇನ್ನು ಖರ್ಚಿನ ಬದಿ. ಹೆಡರ್ಸ್ ತೆಳು ಉಕ್ಕು, ಕೋಟಿಂಗ್ ಇಲ್ಲದಿದ್ರೆ ತುಕ್ಕು ಹಿಡಿಯುತ್ತೆ. ಬಿಸಿ ತಡೆಯೋಕೆ ಅಂತ ಬಟ್ಟೆಯಂಥ ಪಟ್ಟಿ ಸುತ್ತಿದ್ರೆ ಅದು ತೇವ ಹಿಡಿದಿಟ್ಟು ಇನ್ನೂ ಬೇಗ ತಿನ್ನಿಸುತ್ತೆ. ಕೊಳವೆಗಳು ಪಕ್ಕದಲ್ಲೇ ಹಾಯುವುದರಿಂದ ಸ್ಪಾರ್ಕ್ ಪ್ಲಗ್ ವೈರ್‌ಗಳು ಬೇಯುತ್ತವೆ. ಬೋಲ್ಟ್‌ಗಳು ಸಡಿಲ ಆಗ್ತವೆ, ಗ್ಯಾಸ್ಕೆಟ್ ಸೋರುತ್ತೆ, ಆಗಾಗ ಮತ್ತೆ ಬಿಗಿ ಮಾಡ್ಬೇಕು. ಎರಕದ ಕಬ್ಬಿಣ ಭಾರ, ನಿಜ. ಆದ್ರೆ ಸದ್ದನ್ನೂ ನುಂಗುತ್ತೆ, ದಶಕಗಟ್ಟಲೆ ಸುಮ್ಮನೆ ಬಿದ್ದಿರುತ್ತೆ. ಅದರ ಆ ಒರಟು ಆಕಾರದ ಹಿಂದೆ ಯಾವನೋ ಎಂಜಿನಿಯರ್ ಬೆಲೆ, ಶಬ್ದ, ಬಾಳಿಕೆ, ಪ್ಲಗ್ ಬಿಚ್ಚೋಕೆ ಕೈ ಹೋಗುವ ಜಾಗ, ಎಲ್ಲವನ್ನೂ ಅಳೆದು ತೂಗಿದ್ದಾನೆ. ಹಳೇ ಕೋಡ್‌ನಲ್ಲಿ ಅಸಹ್ಯವಾಗಿ ಕಾಣೋ ಎಷ್ಟೋ ಸಾಲುಗಳಿಗೆ ಒಂದೊಂದು ಕಾರಣ ಇರುತ್ತಲ್ಲ, ಇದೂ ಅದೇ ಜಾತಿ.

ಎಲ್ಲಕ್ಕಿಂತ ದೊಡ್ಡದು ಕ್ಯಾಲಿಫೋರ್ನಿಯಾದ ಸ್ಮಾಗ್ ಚೆಕ್. ಎರಡು ವರ್ಷಕ್ಕೊಮ್ಮೆ ಪಾಸಾಗದಿದ್ರೆ ರಿಜಿಸ್ಟ್ರೇಷನ್ ರಿನ್ಯೂ ಆಗಲ್ಲ. ನನ್ನಂಥ ಹಳೇ ಗಾಡಿಯನ್ನ ರೋಲರ್ ಮೇಲೆ ಓಡಿಸಿ ಹೊಗೆಯನ್ನ ಅಳೀತಾರೆ, ಜೊತೆಗೆ ಬಾನೆಟ್ ಎತ್ತಿ ಕಣ್ಣಲ್ಲೂ ನೋಡ್ತಾರೆ. ಹೊರಗಿನ ಹೆಡರ್ಸ್ ಇದ್ರೆ ಅದಕ್ಕೆ ರಾಜ್ಯದ ವಾಯು ಮಂಡಳಿ ಕೊಟ್ಟ ಎಕ್ಸಿಕ್ಯೂಟಿವ್ ಆರ್ಡರ್ ನಂಬರ್ ಇರಲೇಬೇಕು. ಇಲ್ಲದಿದ್ರೆ ಹೊಗೆ ಎಷ್ಟೇ ಶುದ್ಧ ಇದ್ರೂ ಫೇಲ್. ಉದ್ದ ಕೊಳವೆಯ ಹೆಡರ್ಸ್ ಹಾಕೋಕೆ ಸಾಮಾನ್ಯವಾಗಿ ಕನ್ವರ್ಟರನ್ನೇ ಹಿಂದಕ್ಕೆ ಸರಿಸಬೇಕಾಗುತ್ತೆ. ಅದು ಇಲ್ಲಿ ಕಾನೂನಿಗೆ ಒಪ್ಪದ ಕೆಲಸ. ಉಳಿಯೋದು ನಂಬರ್ ಇರುವ ಗಿಡ್ಡ ಹೆಡರ್ಸ್. ಅದರ ಲಾಭ ಇನ್ನೂ ಸಣ್ಣದು, ಬೆಲೆ ಎರಕದ ಮ್ಯಾನಿಫೋಲ್ಡಿನ ಎರಡು ಮೂರು ಪಟ್ಟು.

ಹಾಗಂತ ಹೆಡರ್ಸ್ ಹಾಕಿಸೋರೆಲ್ಲ ದಡ್ಡರು ಅಂತ ನಾನು ಹೇಳಲ್ಲ. 1975 ಅಥವಾ ಅದಕ್ಕೂ ಹಿಂದಿನ ಮಾಡೆಲ್ ಆದ್ರೆ ಇಲ್ಲಿ ಸ್ಮಾಗ್ ಚೆಕ್ ಇಲ್ಲ. ಎಂಜಿನ್ ಬಿಚ್ಚಿ ದೊಡ್ಡ ಕ್ಯಾಮ್, ಒಳ್ಳೇ ಹೆಡ್ ಕೂರಿಸಿದ್ರೆ, ಹೊಗೆ ಹೊರ ಹೋಗೋ ದಾರಿಯೂ ಅದಕ್ಕೆ ತಕ್ಕ ಹಾಗೇ ಇರಬೇಕು. ಭಾರದ ಟ್ರೇಲರ್ ಎಳೀತಾ ಗಂಟೆಗಟ್ಟಲೆ ಘಾಟಿ ಹತ್ತೋರಿಗೂ ಅರ್ಥ ಇದೆ. ಸದ್ದಿಗೋಸ್ಕರ ಹಾಕಿಸ್ತೀನಿ ಅನ್ನೋರ ಜೊತೆಗೂ ಜಗಳ ಇಲ್ಲ, ಖುಷಿಯೂ ಒಂದು ಕಾರಣವೇ. ಅದನ್ನ ಪವರ್ ಅಂತ ಕರೆಯದಿದ್ರೆ ಸಾಕು.

ನಾನು ಎರಡೂ ಪಕ್ಕಕ್ಕೆ ಹೊಸ ಎರಕದ ಮ್ಯಾನಿಫೋಲ್ಡನ್ನೇ ಹಾಕಿಸಿದೆ. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್. ಕೆಲಸದ ಕಷ್ಟವೆಲ್ಲ ಬಿಚ್ಚೋದರಲ್ಲಿತ್ತು. ಹಿಂದಿನ ಮೂಲೆಯ ಒಂದು ಬೋಲ್ಟ್ ತುಂಡಾಗಿ ಹೆಡ್ ಒಳಗೇ ಉಳೀತು. ಮೆಕ್ಯಾನಿಕ್ ಆ ತುಂಡಿಗೇ ಒಂದು ನಟ್ ವೆಲ್ಡ್ ಮಾಡಿ, ಆ ಬಿಸಿಗೆ ತುಕ್ಕು ಸಡಿಲವಾದ ಮೇಲೆ ನಿಧಾನಕ್ಕೆ ತಿರುಗಿಸಿ ತೆಗೆದ. ನೋಡೋಕೆ ಹಲ್ಲು ಕೀಳೋ ಡಾಕ್ಟರ ಹಾಗೇ ಇತ್ತು.

ಟಿಕ್ ಟಿಕ್ ನಿಂತಿದೆ. ಗಾಡಿ ಮೊದಲಿಗಿಂತ ಜೋರಾಗೇನೂ ಓಡ್ತಿಲ್ಲ, ಗೆಳೆಯರಿಗೆ ತೋರಿಸೋಕೆ ಬಾನೆಟ್ ಕೆಳಗೆ ಹೊಳೆಯೋದೂ ಏನಿಲ್ಲ. ಸ್ಮಾಗ್ ಚೆಕ್ ಪಾಸಾಯ್ತು. ಉಳಿದ ದುಡ್ಡಲ್ಲಿ ಹಿಂದಿನ ಬ್ರೇಕ್ ಪೂರ್ತಿ ಹೊಸದು ಮಾಡಿಸಿದೆ. ಹೈವೇ 17 ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ಓಡಿಸಿದವರಿಗೆ ಗೊತ್ತು.

ನಿಮ್ಮ ಹತ್ರ ಟ್ರಕ್ ಇಲ್ಲದೇ ಇರಬಹುದು. ಹೊಸ ಫೋನು, ಗೇಮಿಂಗ್ ಲ್ಯಾಪ್‌ಟಾಪು, ಕಾರಿನ ಟಾಪ್ ವೇರಿಯಂಟ್ ಅಂತೂ ಮುಂದೆ ಬಂದೇ ಬರುತ್ತೆ. ಕಾರ್ಡ್ ಉಜ್ಜುವ ಮುಂಚೆ ಒಂದು ವಾರ ನಿಮ್ಮ ಮುಳ್ಳು ಎಲ್ಲಿ ಓಡಾಡುತ್ತೆ ಅಂತ ಸುಮ್ಮನೆ ನೋಡಿ.