ತಟ್ಟೆಯಿಲ್ಲದ ಹಾಡುಗಾರ

ಕೀರ್ತಿಯು ಯೋಗ್ಯತೆಯ ನೆರಳೆಂದು ತಿಳಿದವರು ಹೇಳುವರು. ಆದರೆ ನೆರಳು ಬೀಳಬೇಕಾದರೆ ಮರವೊಂದಿದ್ದರೆ ಸಾಲದು, ಬೆಳಕೂ ಬೇಕು. ತಾವೇ ಪದ ಕಟ್ಟಿ, ತಾವೇ ಧಾಟಿ ಹೂಡಿ, ತಾವೇ ಏಕತಾರಿ ಹಿಡಿದು ಹಾಡಿದ ಕವಿಗಾಯಕರು ಕನ್ನಡ ನಾಡಿನಲ್ಲಿ ಬಹಳ ಜನ ಆಗಿಹೋಗಿದ್ದಾರೆ. ಅವರಲ್ಲಿ ಕೆಲವರ ಮೇಲೆ ಬೆಳಕು ಬಿದ್ದಿತು. ಹಲವರು ಮಬ್ಬಿನಲ್ಲಿಯೇ ಉಳಿದರು. ಹಾಗೆ ಉಳಿದವರೊಳಗೆ ನಮಗೆ ಅತ್ಯಂತ ಪ್ರಿಯರಾದವರು ಕಡಕೋಳದ ಮಡಿವಾಳಪ್ಪನವರು. ಅವರ ಪದಗಳ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದು ನಮಗೆ ಬಹುದಿನದ ಆಸೆ.

ನಾವೆಂದರೆ ಭೀಮಾನದಿಯ ದಂಡೆಯ ಅಗರಖೇಡದಲ್ಲಿ ಸಂಸಾರ ಹೂಡಿಕೊಂಡಿರುವ ನಾಲ್ಕೆಂಟು ಮನೆಯವರು. ನಮ್ಮಲ್ಲಿ ಒಕ್ಕಲಿಗರಿದ್ದಾರೆ, ಅಂಗಡಿಕಾರರಿದ್ದಾರೆ, ಮಕ್ಕಳಿಗೆ ಪಾಠ ಹೇಳುವವರೂ ಇದ್ದಾರೆ. ಸಂಗೀತಶಾಸ್ತ್ರವನ್ನು ಓದಿದವರು ಒಬ್ಬರೂ ಇಲ್ಲ. ಅಮಾವಾಸ್ಯೆಯ ರಾತ್ರಿ ಊಟ ಮುಗಿಸಿ ಒಬ್ಬರ ಪಡಸಾಲೆಯಲ್ಲಿ ಕೂಡ್ರುವದು, ತಾಳ, ದಮ್ಮಡಿ, ಹಳೆಯದೊಂದು ಹಾರ್ಮೋನಿಯಮ್ಮು ಇವುಗಳನ್ನು ಮುಂದಿಟ್ಟುಕೊಂಡು ಕೋಳಿ ಕೂಗುವ ವರೆಗೆ ಹಾಡುವದು, ಇಷ್ಟೇ ನಮ್ಮ ವಿದ್ಯೆ. ಹೆಣ್ಣುಮಕ್ಕಳು ಒಳಮನೆಯ ಬಾಗಿಲಲ್ಲಿ ಕುಳಿತು ನಾವು ಬಿಟ್ಟ ನುಡಿಯನ್ನು ಎತ್ತಿಕೊಡುವರು. ನಿಜ ಹೇಳಬೇಕೆಂದರೆ ಅವರ ನೆನಪು ನಮ್ಮ ನೆನಪಿಗಿಂತ ಗಟ್ಟಿ.

ಮಡಿವಾಳಪ್ಪನವರು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಾಳಿ ಹಾಡಿದವರು. ಹುಟ್ಟಿದ್ದು ಅಫಜಲಪುರ ಸೀಮೆಯ ಬಿದನೂರು. ಗುರುಗಳು ದೊರೆತದ್ದು ನಮ್ಮ ವಿಜಯಪುರ ಜಿಲ್ಲೆಯ ಕಲಕೇರಿಯಲ್ಲಿ, ಮರುಳಾರಾಧ್ಯರೆಂಬವರು. ಕೊನೆಗೆ ನೆಲೆನಿಂತದ್ದು ಕಲಬುರ್ಗಿ ಜಿಲ್ಲೆಯ ಕಡಕೋಳ. ಮುಂದೆ ಬಹುಕಾಲ ಭೀಮೆಯ ಈ ಕಡೆಗೆ ಮುಂಬಯಿ ಪ್ರಾಂತ, ಆ ಕಡೆಗೆ ನಿಜಾಮರ ರಾಜ್ಯ ಎಂದು ನಮ್ಮ ನಾಡು ಒಡೆದುಕೊಂಡಿತ್ತು. 1948ರಲ್ಲಿ ನಿಜಾಮರ ಆಳಿಕೆ ಮುಗಿದು, 1956ರಲ್ಲಿ ಎರಡೂ ದಂಡೆಗಳು ಒಂದೇ ರಾಜ್ಯದೊಳಗೆ ಬಂದವು. ಆದರೆ ಅವರ ಪದಗಳಿಗೆ ಈ ಗಡಿಯು ಯಾವ ಕಾಲಕ್ಕೂ ಅಡ್ಡಬರಲಿಲ್ಲ. ಹರಿಗೋಲು ಹತ್ತಿದ ಭಜನೆಯವರೊಡನೆ ಅವು ಸುಂಕ ಕೊಡದೆ ಹೊಳೆ ದಾಟಿದವು. ಅವರ ಶಿಷ್ಯರೆಂದು ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬ, ತೆಲುಗಬಾಳ ರೇವಪ್ಪ, ಕಡ್ಲೇವಾಡದ ಸಿದ್ಧಪ್ಪ ಮುಂತಾದವರನ್ನು ಎಣಿಸುವರು. ಈ ಹೆಸರುಗಳನ್ನು ಓದಿದ ಮಾತ್ರಕ್ಕೆ ಆ ಗುರುವಿನ ಪಡಸಾಲೆ ಎಷ್ಟು ವಿಶಾಲವಾಗಿತ್ತೆಂಬದು ತಿಳಿಯುವದು. ಹುಟ್ಟಿನ ಹಮ್ಮನ್ನೂ ವೇಷದ ಡಂಭವನ್ನೂ ಅವರು ತಮ್ಮ ಪದಗಳಲ್ಲಿ ಸುಮ್ಮನೆ ಬಿಡಲಿಲ್ಲ.

ಇಂಥವರ ಹೆಸರು ಭೀಮಾತೀರದಾಚೆ ಏಕೆ ಅಷ್ಟಾಗಿ ಕೇಳಿಬರುವದಿಲ್ಲ? ಅವರಿಗಿಂತ ಕಿರಿಯರಾದ ಶಿಶುನಾಳ ಶರೀಫರನ್ನು ನೋಡಿರಿ. ಶರೀಫರು (1819-1889) ಇಂದು ಕನ್ನಡಿಗರ ಮನೆಮಾತು. ಸಿ. ಅಶ್ವತ್ಥರು ಆ ಪದಗಳಿಗೆ ಕಂಠ ಕೊಟ್ಟರು. ಧ್ವನಿಸುರುಳಿಗಳು ಮನೆಮನೆಗೆ ಹೋದವು. 1990ರಲ್ಲಿ ನಾಗಾಭರಣರ ಚಲಚ್ಚಿತ್ರವೂ ಬಂದಿತು. ಇದರಿಂದ ನಮಗೆ ಮತ್ಸರವಿಲ್ಲ. ಶರೀಫರ ಪದಗಳಿಲ್ಲದೆ ನಮ್ಮ ಭಜನೆಯೂ ಮುಗಿಯುವದಿಲ್ಲ. ಆದರೆ ಒಂದು ಮಾತನ್ನು ವಿಚಾರಿಸಬೇಕು. ಎಡಿಸನ್ನನು ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದದ್ದು 1877ರಲ್ಲಿ; ಭಾರತದಲ್ಲಿ ಗೌಹರ್ ಜಾನಳ ಹಾಡು ತಟ್ಟೆಯ ಮೇಲೆ ಮುದ್ರಿತವಾದದ್ದು 1902ರಲ್ಲಿ. ಆಮೇಲೆ ನಮ್ಮ ಹಳೆಯ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಕಂಠವು ಅಂಥ ತಟ್ಟೆಗಳ ಮೂಲಕವೇ ದೇಶವನ್ನೆಲ್ಲ ಸುತ್ತಿತು. ಮಡಿವಾಳಪ್ಪನವರಾಗಲಿ ಶರೀಫರಾಗಲಿ ಈ ಭಾಗ್ಯವನ್ನು ಕಂಡವರಲ್ಲ. ಇಬ್ಬರ ಕಂಠವೂ ಮಣ್ಣಿನಲ್ಲಿ ಮಣ್ಣಾಯಿತು. ಅಂತರವಿಷ್ಟೇ, ಒಬ್ಬರಿಗೆ ಸಮರ್ಥರಾದ ಅಭಿಮಾನಿಗಳು ಬೇಗನೆ ದೊರೆತರು. ಇನ್ನೊಬ್ಬರಿಗೆ ನಮ್ಮಂಥ ಬಡ ಅಭಿಮಾನಿಗಳು ದೊರೆತರು. ಅವರ ಪದಗಳನ್ನೂ ಈಚೆಗೆ ಕೆಲವರು ಹಾಡಿ ಮುದ್ರಿಸಿದ್ದುಂಟು. ಆದರೆ ಶರೀಫರ ಪದಗಳಿಗೆ ಬಂದ ಪ್ರಚಾರ ಅವಕ್ಕೆ ಬರಲಿಲ್ಲ.

ಹಾಗಾದರೆ ಇಷ್ಟು ಕಾಲ ಆ ಪದಗಳು ಎಲ್ಲಿ ಇದ್ದವು? ವಹಿಗಳಲ್ಲಿ. ಲೆಕ್ಕದ ಪುಸ್ತಕದಂಥ ಉದ್ದನ್ನ ವಹಿ, ಎಣ್ಣೆ ಹತ್ತಿದ ಅಂಚು, ಸುತ್ತಲೂ ಕೆಂಪು ಅರಿವೆ. ಊರೂರಿನ ಭಜನೆಯವರು ಕೇಳಿದ ಪದವನ್ನು ಅದರಲ್ಲಿ ಬರೆದಿಟ್ಟುಕೊಳ್ಳುವರು. ಪಟ್ಟಣದವರಿಗೆ ಗ್ರಾಮೋಫೋನಿನ ತಟ್ಟೆ ಹೇಗೋ ನಮಗೆ ಈ ವಹಿ ಹಾಗೆ. ಒಂದೊಂದು ವಹಿಗೆ ಒಂದೊಂದು ಗುಣ. ಒಂದರಲ್ಲಿ ಗುರುಸ್ತುತಿಯೇ ಹೆಚ್ಚು. ಇನ್ನೊಂದರಲ್ಲಿ ಡಾಂಭಿಕರನ್ನು ಝಾಡಿಸುವ ಪದಗಳು. ಮತ್ತೊಂದರಲ್ಲಿ ಸಾವನ್ನೂ ದೇಹವನ್ನೂ ಕುರಿತವು. ಒಂದೇ ಪದ ಎರಡು ವಹಿಗಳಲ್ಲಿ ಎರಡು ಬಗೆಯಾಗಿರುವದೂ ಉಂಟು. ಆಗ ನಮ್ಮಲ್ಲಿ ವಾದ ಹುಟ್ಟುವದು. ಮೂರನೆಯ ನುಡಿ ಮೊದಲೋ, ನಾಲ್ಕನೆಯದು ಮೊದಲೋ? ಈ ಶಬ್ದವು ಕವಿಯದೋ, ಬರೆದವನ ಕೈತಪ್ಪೋ? ಕಡೆಯ ನುಡಿಯಲ್ಲಿ ಬರುವ ಮಹಾಂತನ ಅಂಕಿತವು ನಿಜವಾಗಿ ಅವರದೋ, ಶಿಷ್ಯರಾರೋ ಭಕ್ತಿಯಿಂದ ಸೇರಿಸಿದ್ದೋ? ಇಂಥ ವಾದದಲ್ಲಿ ಚಹದ ಕಪ್ಪುಗಳು ತಣ್ಣಗಾಗುವವು. ಆದರೆ ಅದೇ ವಾದದಿಂದ ಪದವು ನಮ್ಮ ಬಾಯಿಗೆ ಕೂಡ್ರುವದು.

ಇಷ್ಟೊಂದು ಅಭಿಮಾನಕ್ಕೆ ಕಾರಣವೇನೆಂದು ಕೇಳುವವರಿಗೆ ನಮ್ಮ ಉತ್ತರ ಸರಳವಾದದ್ದು. ತತ್ವಪದಗಳು ಕಠಿಣವಾದ ವಿಚಾರವನ್ನು ಬೀಸುಕಲ್ಲು, ಬಿತ್ತಿಗೆ, ಗಾಡಿ, ಹೊಳೆ ಎಂಬ ಮನೆಯ ಮಾತುಗಳಲ್ಲಿ ಹೇಳುವವು. ಕೇಳುವಾಗ ನಗು ಬರುವದು. ಮಲಗುವಾಗ ಅದೇ ಮಾತು ಎದೆಯಲ್ಲಿ ಕುಟುಕುವದು. ನಮ್ಮ ಬಳಗದಲ್ಲಿ ಮಗನನ್ನು ಕಳೆದುಕೊಂಡ ಹಿರಿಯರೊಬ್ಬರಿದ್ದಾರೆ. ಸಮಾಧಾನದ ಮಾತುಗಳನ್ನೆಲ್ಲ ಕೇಳಿ ಬೇಸತ್ತಿದ್ದ ಅವರು ಮಡಿವಾಳಪ್ಪನವರ ಒಂದು ಪದವನ್ನು ಮಾತ್ರ ಮತ್ತೆ ಮತ್ತೆ ಹಾಡಿಸಿದರು. ದುಃಖವು ಹೋಯಿತೆಂದು ಅವರು ಹೇಳಲಿಲ್ಲ. ದುಃಖಕ್ಕೆ ಕೂಡ್ರಲು ಒಂದು ಜಾಗ ಸಿಕ್ಕಿತೆಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಯಾವ ಕವಿಗಾಯಕನಿಗೆ ಕೊಡಲು ಬಂದೀತು?

ಆದರೆ ಈಗ ನಮ್ಮ ಮನಸ್ಸಿನಲ್ಲಿ ಒಂದು ಕಳವಳವಿದೆ. ವಹಿಯನ್ನು ಓದಬಲ್ಲವರು ಇದ್ದಾರೆ, ಅದರ ಧಾಟಿಯನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ವಹಿಯಲ್ಲಿ ಅಕ್ಷರವಿರುವದು, ಸ್ವರವಿರುವದಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ನಿಲ್ಲಬೇಕು ಎಂಬದು ಮುದುಕರ ಕೊರಳಿನಲ್ಲಿದೆ. ಕೆಲವು ವರ್ಷಗಳ ಹಿಂದೆ ನೆರೆಯ ಊರಿನ ಭಜನೆಯ ಹಿರಿಯರೊಬ್ಬರು ತೀರಿಕೊಂಡರು. ಅವರ ವಹಿಯು ರದ್ದಿಯ ಗಂಟಿನಲ್ಲಿ ಸೇರಿತ್ತು; ಸೊಸೆಯ ಕಣ್ಣಿಗೆ ಬಿದ್ದು ಉಳಿಯಿತು. ಅದರಲ್ಲಿಯ ಒಂದು ಪದವು ನಮ್ಮ ಯಾವ ವಹಿಯಲ್ಲಿಯೂ ಇಲ್ಲ. ಅದನ್ನು ಓದುತ್ತೇವೆ, ಅರ್ಥ ಮಾಡಿಕೊಳ್ಳುತ್ತೇವೆ. ಹಾಡಲು ಮಾತ್ರ ಬರುವದಿಲ್ಲ. ಅದರ ಧಾಟಿಯು ಆ ಹಿರಿಯರೊಡನೆ ಹೋಯಿತು.

ಅಭಿಮಾನಿಗಳು ಮನಸ್ಸು ಮಾಡಿದರೆ ಏನಾಗುವದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಉದಾಹರಣೆಯಿದೆ. ಹಿಂದೆ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕುಟ್ಟುವ ತಾಯಂದಿರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಮಾಡಿಸಿದರು. ಕಾಗದ ಮತ್ತು ಪ್ರೀತಿ, ಇವೆರಡೇ ಅವರ ಬಂಡವಾಳ. ಈಚೆಗೆ ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರವು ತತ್ವಪದಗಳನ್ನು ಸಂಪುಟಗಳಾಗಿ ಪ್ರಕಟಿಸಿದ್ದೂ ಸಂತೋಷದ ಸಂಗತಿ. ಇದರಿಂದ ಅಕ್ಷರವು ಉಳಿಯುವದು. ಧಾಟಿಯನ್ನು ಉಳಿಸುವ ಕೆಲಸವು ಮನೆಯವರದು.

ಆದುದರಿಂದ ಈ ಸೀಮೆಯ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಮನೆಯ ಮಾಡದಲ್ಲಿ ಹಳೆಯ ವಹಿಯಿದ್ದರೆ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಹಾಡಬಲ್ಲ ಅಜ್ಜನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕುಳಿತು ಒಂದು ಪದವನ್ನು ಮೊದಲಿನಿಂದ ಕಡೆಯ ವರೆಗೆ ಹಾಡಿಸಿರಿ. ಇಂದು ಮಕ್ಕಳ ಕೈಯಲ್ಲಿಯೂ ಮೊಬೈಲು ಫೋನು ಇದೆ. ಎಡಿಸನ್ನನ ಯಂತ್ರಕ್ಕಿಂತ ಅದು ಸಾವಿರ ಪಾಲು ಸಮರ್ಥವಾದದ್ದು. ಅದರಲ್ಲಿ ಆ ಧ್ವನಿಯನ್ನು ತುಂಬಿಡಿರಿ. ಹಾಡಿದವರ ಹೆಸರನ್ನೂ, ಊರನ್ನೂ, ದಿನವನ್ನೂ ವಹಿಯಲ್ಲಿ ಬರೆದಿಡಿರಿ. ಆಮೇಲೆ ಯಂತ್ರವನ್ನು ಬದಿಗಿಟ್ಟು, ಆ ಪದವನ್ನು ನೀವೇ ಕಲಿತು ಹಾಡಿರಿ.